ಇನ್ನು ಮುಂದೆ ನಮ್ಮ ಫುಟ್‌ಬಾಲ್ ನಡಿಗೆ ಶುಕ್ರವಾರ ರಾತ್ರಿ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘವು ಮೆಲ್ಬರ್ನ್‌ನಲ್ಲಿ ಕನ್ನಡದಲ್ಲಿ ನಡೆಸುವ ಫುಟ್‌ಬಾಲ್ ನಡಿಗೆ (ಸಾಕರ್ ಅಲ್ಲ, ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಕಥೆ ಕೇಳುತ್ತಾ ನಡೆದು ಪಂದ್ಯ ನೋಡುವ ಕಾರ್ಯಕ್ರಮ) ಬರುವ ಏಪ್ರಿಲ್‌ನಿಂದ ಶನಿವಾರ ಮಧ್ಯಾಹ್ನದ ಬದಲು ಶುಕ್ರವಾರ ಸಂಜೆ ಇರುತ್ತದೆ. ಸೇರುವ ಜಾಗವೂ ಬದಲಾಗಿದೆ. ಎಂ.ಸಿ.ಜಿ. (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಗೇಟಿನ ಬಳಿ ಬರಬೇಡಿ. ನಾಲ್ಕು ಗಂಟೆಗೆ ಆಲ್ಬರ್ಟ್ ಪಾರ್ಕ್ ಕೆರೆಯ ಪಕ್ಕದ ಲೇಕ್‌ಸೈಡ್ ಕ್ರೀಡಾಂಗಣದ ಮುಂದೆ ಸೇರೋಣ. ಅಲ್ಲಿಂದ ಟ್ರಾಮ್ ಹತ್ತಿ ನಗರಕ್ಕೆ ಬಂದು, ಯಾರಾ ನದಿಯ ದಡದಲ್ಲಿ ನಡೆದು, ಪಂದ್ಯದ ಹೊತ್ತಿಗೆ ಎಂ.ಸಿ.ಜಿ. ತಲುಪುತ್ತೇವೆ. ಶುಲ್ಕ ಹಿಂದಿನಷ್ಟೇ, ಪಂದ್ಯದ ಟಿಕೆಟ್ ಮತ್ತು ಊಟದ ಡಬ್ಬಿ ಅದರಲ್ಲೇ ಸೇರಿವೆ.

ಶನಿವಾರವೇ ಚೆನ್ನಾಗಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ನಿಜ, ಮೆಲ್ಬರ್ನ್‌ನ ಹಳಬರಿಗೆ ಫುಟ್‌ಬಾಲ್ ಎಂದರೆ ಶನಿವಾರ ಮಧ್ಯಾಹ್ನ. ವಿಕ್ಟೋರಿಯನ್ ಲೀಗಿನ ಹನ್ನೆರಡು ತಂಡಗಳೂ ಒಂದೇ ಹೊತ್ತಿನಲ್ಲಿ ಆರು ಮೈದಾನಗಳಲ್ಲಿ ಆಡುತ್ತಿದ್ದ ಕಾಲವದು. ಆ ಪದ್ಧತಿ ಹೋದದ್ದರ ಬಗ್ಗೆ ನಮಗೂ ಬೇಸರವಿದೆ. ಆದರೆ ಇಂದು ವಾರದ ಮುಖ್ಯ ಪಂದ್ಯಕ್ಕಾಗಿ ಊರೇ ಕಾಯುವುದು ಶುಕ್ರವಾರ ರಾತ್ರಿ. ನಮ್ಮ ಜೊತೆ ಬರುವವರಲ್ಲಿ ಹೆಚ್ಚಿನವರು ಮಕ್ಕಳ ಮನೆಗೆ ಬಂದಿರುವ ತಂದೆ ತಾಯಿಯರು. ಮಗಳೋ ಅಳಿಯನೋ ಕಚೇರಿ ಮುಗಿಸಿ ನೇರವಾಗಿ ಗೇಟಿಗೆ ಬಂದು ಅವರ ಪಕ್ಕದಲ್ಲಿ ಕೂರಬಹುದು. ಬದಲಾವಣೆಗೆ ನಮಗಿದ್ದ ಮೊದಲ ಕಾರಣ ಇದು.

ಲೇಕ್‌ಸೈಡ್ ಆರಿಸಿದ್ದಕ್ಕೆ ಬೇರೆ ಕಾರಣವಿದೆ. ಇದು ಹಿಂದಿನ ಲೇಕ್ ಓವಲ್, ಸೌತ್ ಮೆಲ್ಬರ್ನ್ ತಂಡದ ಮನೆ ಮೈದಾನ. 1956ರಲ್ಲಿ, ಮೊದಲ ನಾಲ್ಕರೊಳಗೆ ಬಂದು ಫೈನಲ್ಸ್ ಸುತ್ತು ತಲುಪಲಾಗದ ಎಂಟು ತಂಡಗಳಿಗಾಗಿ ಲೀಗ್ ಇಲ್ಲಿ ಹೊನಲು ಬೆಳಕಿನಲ್ಲಿ ರಾತ್ರಿ ಸರಣಿಯನ್ನು ಆರಂಭಿಸಿತು. ಮೊದಲ ವರ್ಷವೇ ಸೌತ್ ಮೆಲ್ಬರ್ನ್ ಗೆದ್ದಿತು. 1971ರವರೆಗೂ ಆ ಪಂದ್ಯಗಳು ಇಲ್ಲಿ ನಡೆದವು. ಸೋತವರ ಸಮಾಧಾನದ ಕಪ್ ಎಂದು ಅದನ್ನು ತಳ್ಳಿಹಾಕುವವರ ಮಾತನ್ನು ನಾವು ಒಪ್ಪುವುದಿಲ್ಲ. ಕೆಲಸ ಮುಗಿಸಿ, ಊಟ ಮಾಡಿ ಪಂದ್ಯ ನೋಡಲು ಹೊರಡುವ ಅಭ್ಯಾಸವನ್ನು ಈ ಊರಿಗೆ ಕಲಿಸಿದ್ದು ಆ ಸರಣಿ. ತಂಡ 1982ರಲ್ಲಿ ಸಿಡ್ನಿಗೆ ಹೋಯಿತು. ಹಳೆಯ ಗ್ರ್ಯಾಂಡ್‌ಸ್ಟ್ಯಾಂಡ್ ಈಗಲೂ ಇಲ್ಲೇ ಇದೆ. ಅದರ ಎದುರು ನಿಂತೇ ನಮ್ಮ ಕಥೆ ಶುರುವಾಗುತ್ತದೆ.

ರಾತ್ರಿ ಆಡುವ ಪ್ರಯತ್ನಗಳು ಅದಕ್ಕೂ ಹಿಂದೆ ನಡೆದಿದ್ದವು. 1879ರ ಆಗಸ್ಟ್‌ನಲ್ಲೇ ಎಂ.ಸಿ.ಜಿ.ಯಲ್ಲಿ ವಿದ್ಯುತ್ ದೀಪದಡಿ ಆಡಿ ನೋಡಿದ್ದರು. 1952ರಲ್ಲಿ ಬ್ರಿಸ್ಬೇನ್‌ನಲ್ಲಿ ನಡೆಯಬೇಕಿದ್ದ ಎಸೆಂಡನ್ ಮತ್ತು ಜೀಲಾಂಗ್ ನಡುವಣ ಲೀಗ್ ಪಂದ್ಯ ಮಳೆಯಿಂದಾಗಿ ಸೋಮವಾರ ರಾತ್ರಿಗೆ ಮುಂದೂಡಲ್ಪಟ್ಟಿತು. ಎಸೆಂಡನ್‌ನ ಜಾನ್ ಕೋಲ್ಮನ್ ಆ ರಾತ್ರಿ 13 ಗೋಲು ಹೊಡೆದರು.

ಹಿರಿಯರಿಗೆ ಹೆಚ್ಚು ಹತ್ತಿರವಾಗುವುದು 1985. ಆ ಮಾರ್ಚ್ 10ರಂದು ಎಂ.ಸಿ.ಜಿ.ಯಲ್ಲಿ ಪಾಕಿಸ್ತಾನವನ್ನು ಸೋಲಿಸಿ ಭಾರತ ಕ್ರಿಕೆಟ್‌ನ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದು, ರವಿ ಶಾಸ್ತ್ರಿಯವರಿಗೆ ಔಡಿ ಕಾರು ಸಿಕ್ಕಿದ್ದು, ವಿಕೆಟ್ ಹಿಂದೆ ನಮ್ಮ ಸದಾನಂದ ವಿಶ್ವನಾಥ್ ಇದ್ದದ್ದು ನಿಮಗೆ ನೆನಪಿರಬಹುದು. ಆಗಷ್ಟೇ ಹಾಕಿದ್ದ ಹೊಸ ದೀಪಗಳವು. ಅದೇ ತಿಂಗಳ 29ರ ಶುಕ್ರವಾರ ಅದೇ ದೀಪಗಳ ಕೆಳಗೆ ನಾರ್ತ್ ಮೆಲ್ಬರ್ನ್ ಮತ್ತು ಕಾಲಿಂಗ್‌ವುಡ್ ಲೀಗ್ ಪಂದ್ಯವಾಡಿದವು. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಬೇರೂರಿದ್ದು ಅಲ್ಲಿಂದ. ದೊಡ್ಡ ಕ್ಲಬ್‌ಗಳಿಗಿಂತ ಮೊದಲು ಅದನ್ನು ತನ್ನದಾಗಿಸಿಕೊಂಡದ್ದು ಕಡಿಮೆ ಅಭಿಮಾನಿಗಳಿದ್ದ ನಾರ್ತ್ ಮೆಲ್ಬರ್ನ್. ಆ ಧೈರ್ಯಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲವೆಂಬುದು ನಮ್ಮ ಅಭಿಪ್ರಾಯ.

ದೀಪ ಆರಿಹೋದರೆ ಎಂದು ಒಬ್ಬರು ಬರೆದು ಕೇಳಿದ್ದಾರೆ. ಹಾಗೂ ಆಗಿದೆ. 1996ರ ಜೂನ್ 8ರಂದು ಮೆಲ್ಬರ್ನ್ ಹೊರವಲಯದ ವೇವರ್ಲಿ ಕ್ರೀಡಾಂಗಣದಲ್ಲಿ ಎಸೆಂಡನ್ ಮತ್ತು ಸೇಂಟ್ ಕಿಲ್ಡಾ ಆಡುತ್ತಿದ್ದಾಗ ಮೂರನೆಯ ಕ್ವಾರ್ಟರ್‌ನಲ್ಲಿ ಇಡೀ ಮೈದಾನ ಕತ್ತಲಾಯಿತು. ಉಳಿದ ಆಟವನ್ನು ಮಂಗಳವಾರ ರಾತ್ರಿ ಮುಗಿಸಿದರು. ನಮ್ಮ ನಡಿಗೆಯ ದಿನ ಪಂದ್ಯ ನಿಂತುಹೋದರೆ ಟಿಕೆಟಿನ ಹಣವನ್ನು ನಾವೇ ಹಿಂದಿರುಗಿಸುತ್ತೇವೆ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೂನ್, ಜುಲೈ ಇಲ್ಲಿ ಚಳಿಗಾಲ. ಪಂದ್ಯ ಮುಗಿಯುವಾಗ ಹತ್ತು ಗಂಟೆ ದಾಟಿರುತ್ತದೆ. ಸ್ವೆಟರ್, ಟೋಪಿ, ಕಾಲುಚೀಲ ಇರಲೇಬೇಕು. ಶಾಲುಗಳನ್ನು ನಾವು ತಂದಿರುತ್ತೇವೆ. ಹಗಲಿನ ಕೆಂಪು ಚೆಂಡಿನ ಬದಲು ರಾತ್ರಿ ಹಳದಿ ಚೆಂಡು ಬಳಸುವುದರಿಂದ ದೂರದ ಆಸನದಿಂದಲೂ ಆಟವನ್ನು ಹಿಂಬಾಲಿಸುವುದು ಕಷ್ಟವಾಗುವುದಿಲ್ಲ. ಪಂದ್ಯದ ನಂತರ ರಿಚ್‌ಮಂಡ್ ಅಥವಾ ಜೋಲಿಮಾಂಟ್ ರೈಲು ನಿಲ್ದಾಣದವರೆಗೆ ನಮ್ಮ ಸದಸ್ಯರೊಬ್ಬರು ಜೊತೆಗೇ ಬರುತ್ತಾರೆ. ಯಾರನ್ನೂ ಒಬ್ಬರೇ ಹೋಗಲು ಬಿಡುವುದಿಲ್ಲ.

ಶುಕ್ರವಾರ ಎಂ.ಸಿ.ಜಿ.ಯಲ್ಲಿ ಪಂದ್ಯವಿರುವ ವಾರಗಳಲ್ಲಿ ಮಾತ್ರ ನಡಿಗೆ ಇರುತ್ತದೆ. ಈಗಾಗಲೇ ಶನಿವಾರಕ್ಕೆ ಕಾಯ್ದಿರಿಸಿದವರು ಶುಕ್ರವಾರಕ್ಕೆ ಬದಲಾಯಿಸಿಕೊಳ್ಳಬಹುದು ಅಥವಾ ಪೂರ್ಣ ಹಣ ಹಿಂಪಡೆಯಬಹುದು. ಯಾವುದು ಅನುಕೂಲ ಎಂಬುದನ್ನು ಮಾರ್ಚ್ ಕೊನೆಯೊಳಗೆ ತಿಳಿಸಿ.

ಇಂತಿ,
ಸಂಘದ ಸದಸ್ಯರ ಪರವಾಗಿ,
ಕಾರ್ಯದರ್ಶಿ, ಮೆಲ್ಬರ್ನ್