ತ್ರಿವುಡೆಯಲ್ಲಿ ತಪ್ಪಿದ ಕೈ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೇಗಿದ್ದೀ ಮಾರಾಯ? ಇಲ್ಲಿ ಆಟಿ ತಿಂಗಳ ಮಳೆ. ತೋಟಕ್ಕೆ ಇಳಿಯುವ ಹಾಗಿಲ್ಲ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವತ್ತು ಮಗಳ ಚೆಂಡೆಯ ವಿಷಯ ಬಂದಾಗ ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಅದು ತಪ್ಪಾಯಿತು. ಆಮೇಲೆ ಏನಾಯಿತು ಅಂತ ನಿನಗೆ ಹೇಳಲೇಬೇಕು.

ಅವಳಿಗೆ ಚೆಂಡೆಯ ಹುಚ್ಚು ಎಲ್ಲಿ ಹಿಡಿಯಿತು ಅಂತ ನಿನಗೆ ಗೊತ್ತುಂಟಲ್ಲ. 2019ರ ನವೆಂಬರಿನಲ್ಲಿ ಕಾಞಂಗಾಡಿನಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವ ಆದಾಗ ಯಕ್ಷಗಾನ ಸ್ಪರ್ಧೆ ನೋಡಲು ಹೋಗಿದ್ದೆವು. ಆಗ ಅವಳಿಗೆ ನಾಲ್ಕು ವರ್ಷ. ನಿನ್ನ ತೊಡೆಯ ಮೇಲೆ ನಿದ್ದೆ ಮಾಡಿದ್ದವಳು ಚೆಂಡೆಯ ಪೆಟ್ಟಿಗೆ ಎದ್ದು ಕೂತಳು. ಅಳಲಿಲ್ಲ. ವೇಷಗಳ ಕಡೆ ನೋಡಲೇ ಇಲ್ಲ. ಚೆಂಡೆ ಬಾರಿಸುವವರ ಕೈಯನ್ನೇ ನೋಡುತ್ತಾ ಇದ್ದಳು.

ಕ್ಲಾಸಿಗೆ ಸೇರಿ ಈಗ ಒಂದೂವರೆ ವರ್ಷ. ನಿಜವಾದ ಚೆಂಡೆ ಮುಟ್ಟಲು ಸಿಕ್ಕಿದ್ದು ಕೆಲವೇ ದಿನ. ಉಳಿದದ್ದೆಲ್ಲ ಹುಣಸೆ ಮರದ ದಪ್ಪ ಕೋಲು, ಎದುರಿಗೊಂದು ಹಲಗೆ. ತೋಳು ಎತ್ತಿ ಹೊಡೆಯಬಾರದು, ಮಣಿಕಟ್ಟು ತಿರುಗಬೇಕು. ಆ ಭಾರದ ಕೋಲಿನಲ್ಲಿ ಮಣಿಕಟ್ಟು ಪಳಗಿದರೆ ಮಾತ್ರ ಮುಂದೆ ಉರುಳಿಕೆ, ಅಂದರೆ ಪೆಟ್ಟುಗಳು ಎಡೆಬಿಡದೆ ಉರುಳುವ ನುಡಿತ, ಬರುವುದು. ಬಲಗೈ ಬೇಗ ಪಳಗಿತು, ಎಡಗೈ ಹಿಂದೆ ಬಿತ್ತು. ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಅದೇ ಜಾಗದಲ್ಲಿ ಎದ್ದಿತು. ರಾತ್ರಿ ಅವಳಮ್ಮ ತೆಂಗಿನೆಣ್ಣೆ ಹಚ್ಚುವಾಗ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳು. ಒಂದು ದಿನವೂ ಬೇಡ ಅನ್ನಲಿಲ್ಲ.

ಅವಳು ಸೋತದ್ದು ತ್ರಿವುಡೆ ತಾಳದಲ್ಲಿ. ಏಕತಾಳ ಸಲೀಸು, ನಾಲ್ಕು ಅಕ್ಷರ, ನಡೆದ ಹಾಗೆ ಬರುತ್ತದೆ. ತ್ರಿವುಡೆಗೆ ಏಳು. ತಕಿಟ ತಕದಿಮಿ, ತಕಿಟ ತಕದಿಮಿ. ಬಾಯಲ್ಲಿ ಹೇಳು ಅಂದರೆ ಸರಿಯಾಗಿ ಹೇಳುತ್ತಾಳೆ. ಕೋಲು ಹಿಡಿದರೆ ಮೂರನೇ ಸುತ್ತಿಗೆ ಎಲ್ಲಿಂದಲೋ ಒಂದು ಪೆಟ್ಟು ಹೆಚ್ಚು ಬೀಳುತ್ತದೆ. ಏಳು ಹೋಗಿ ಎಂಟಾಗುತ್ತದೆ. ನಿಲ್ಲಿಸಿ ಮೊದಲಿಂದ ಶುರು ಮಾಡುತ್ತಾಳೆ, ಮತ್ತೆ ಅಲ್ಲೇ ಎಡವುತ್ತಾಳೆ. ಇದು ತಿಂಗಳುಗಟ್ಟಲೆ ನಡೆಯಿತು ಮಾರಾಯ. ಅಡುಗೆಮನೆಯಲ್ಲಿ ಕೂತರೂ ಆ ಎಂಟನೇ ಪೆಟ್ಟು ನನ್ನ ಎದೆಗೇ ಬೀಳುತ್ತಿತ್ತು.

ಒಂದು ಮಕ್ಕಳ ಯಕ್ಷಗಾನ ಆಟದ ತಾಲೀಮಿನಲ್ಲಿ ಬಿಡ್ತಿಗೆ ಎಂಬ ಚೆಂಡೆಯ ನುಡಿತ ತಪ್ಪಿತು. ನಡೆಸುತ್ತಿದ್ದವರು ಎಲ್ಲರ ಎದುರೇ ಅವಳ ಕೈಯಿಂದ ಕೋಲು ತೆಗೆದು ಬೇರೆ ಹುಡುಗನಿಗೆ ಕೊಟ್ಟರು. ಇವಳಿಗೆ ಸಿಕ್ಕಿದ್ದು ಚಕ್ರತಾಳ, ತಾಳ ಹಾಕುವ ಕಂಚಿನ ತಟ್ಟೆಗಳು. ಮನೆಗೆ ಬಂದವಳು ತನ್ನ ಹುಣಸೆ ಕೋಲನ್ನು ಭತ್ತ ತುಂಬುವ ಪತ್ತಾಯದ ಮೇಲಿಟ್ಟು ಮಲಗಿದಳು. ನಾನು ಸಮಾಧಾನ ಹೇಳುವ ಬದಲು, "ಸಾಕು ಮಗಾ, ಬಿಟ್ಟುಬಿಡು" ಅಂದೆ. ಅವಳು ಗೋಡೆ ಕಡೆ ತಿರುಗಿದಳು. ಆ ಮಾತು ಆಡಬಾರದಿತ್ತು. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ. ಅವತ್ತೇ ನೀನು ಫೋನಿನಲ್ಲಿ "ತಾಳ ಹಾಕುವುದು ಕಡಿಮೆ ಕೆಲಸ ಅಂತ ಯಾರು ಹೇಳಿದ್ದು? ಹಾಕಲಿ ಬಿಡು" ಅಂದದ್ದು, ನಾನು ಸಿಡುಕಿದ್ದು.

ಮಳೆಗಾಲ ಅಲ್ವಾ, ಮೇಳಗಳ ತಿರುಗಾಟ ಇಲ್ಲ. ನಮ್ಮ ಭಜನಾ ಮಂದಿರದಲ್ಲಿ ಶನಿವಾರ ಶನಿವಾರ ವೇಷ ಇಲ್ಲದೆ ಕೂತೇ ನಡೆಸುವ ತಾಳಮದ್ದಳೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳೇ ಜಾಸ್ತಿ. ಅವಳೇ ಹೋಗಿ ಪದ್ಯ ಹಾಡುವ ಭಾಗವತರ ಹತ್ತಿರ ಚಕ್ರತಾಳ ಕೇಳಿದಳು. ಮೊದಲ ದಿನ ಕಂಚಿನ ತಟ್ಟೆ ಎರಡನ್ನೂ ಎದೆಗೆ ಒತ್ತಿಕೊಂಡು, ಭಾಗವತರ ಜಾಗಟೆಯ ಮೇಲೇ ಕಣ್ಣಿಟ್ಟು ಕೂತಿದ್ದಳು. ಚೆಂಡೆಯಲ್ಲಾದರೆ ತಪ್ಪಿದಲ್ಲಿ ನಿಲ್ಲಿಸಿ ಶುರುವಿನಿಂದ ಹೊಡೆಯಬಹುದು. ಇಲ್ಲಿ ಹಾಗಿಲ್ಲ. ಪದ್ಯ ಮುಂದೆ ಹೋಗುತ್ತದೆ, ತಪ್ಪಿದರೂ ಮುಂದಿನ ಸುತ್ತಿಗೆ ಬಂದು ಸೇರಿಕೊಳ್ಳಬೇಕು. ಮುಕ್ತಾಯ ಎಲ್ಲಿ ಬೀಳುತ್ತದೆ ಅಂತ ಕಾದು ಕೂರಬೇಕು. ನಾಲ್ಕು ಶನಿವಾರ ಹೀಗೆ ಕೂತಳು.

ಮೊನ್ನೆ ಶಾಲೆಗೆ ಹೋಗುವಾಗ ನೋಡಿದೆ. ಕೊಡೆ ಹಿಡಿದುಕೊಂಡು ತೋಟದ ಮೆಟ್ಟಿಲು ಇಳಿಯುತ್ತಿದ್ದಳು. ಮೂರು ಮೆಟ್ಟಿಲು, ಒಂದು ಸಣ್ಣ ನಿಲುವು. ಎರಡು, ಮತ್ತೆರಡು. ತುಟಿ ಅಲ್ಲಾಡುತ್ತಿತ್ತು. ನಾನು ಮಾತಾಡಿಸಲಿಲ್ಲ.

ಆ ಸಂಜೆ ಪತ್ತಾಯದ ಮೇಲಿಂದ ಕೋಲು ತಾನಾಗಿಯೇ ತೆಗೆದಳು. ನಾನು ಒಳಗೆ ಉಸಿರು ಬಿಗಿಹಿಡಿದು ಎಣಿಸುತ್ತಾ ಕೂತೆ. ಮೂರನೇ ಸುತ್ತು ದಾಟಿತು. ಹತ್ತು ದಾಟಿತು. ಹನ್ನೊಂದರಲ್ಲೋ ಹನ್ನೆರಡರಲ್ಲೋ ಎಡಗೈ ಜಾರಿತು. ಆದರೆ ಅವಳು ನಿಲ್ಲಿಸಲಿಲ್ಲ, ಒಂದು ಸುತ್ತು ಬಾಯಲ್ಲೇ ಹೇಳಿಕೊಂಡು ಮತ್ತೆ ಸೇರಿಕೊಂಡಳು. ಅವಳಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಉರುಳಿಕೆ ಇನ್ನೂ ದೂರ ಉಂಟು. ಎಡಗೈ ಇನ್ನೂ ಎಡಗೈಯೇ. ಚೌತಿಗೆ ನೀನು ಬರುತ್ತೀ ಅಲ್ವಾ? ಮಾವ, ಅಂದರೆ ನೀನು, ಒಂದು ಪದ್ಯ ಹೇಳಬೇಕಂತೆ, ಅವಳು ಹಲಗೆಯಲ್ಲಿ ಬಾರಿಸುತ್ತಾಳಂತೆ. ಏಕತಾಳದ್ದು ಬೇಡವಂತೆ, ತ್ರಿವುಡೆಯದ್ದೇ ಆಗಬೇಕಂತೆ.

ಇಂತೀ ನಿನ್ನ ಗೆಳೆಯ