ಫತ್ವಾಗಳು ಕನ್ನಡದಲ್ಲೂ ಸಿಗಲಿ

ಮಾನ್ಯರೇ,

ಭಯೋತ್ಪಾದನೆಯನ್ನೂ ಆತ್ಮಾಹುತಿ ದಾಳಿಯನ್ನೂ ಇಸ್ಲಾಮಿ ಕಾನೂನು ಒಪ್ಪುವುದಿಲ್ಲ ಎಂಬುದು ಹುಬ್ಬಳ್ಳಿ-ಧಾರವಾಡದ ಕನ್ನಡ ಓದುಗರಿಗೆ ಸರಿಯಾಗಿ ತಲುಪಿಯೇ ಇಲ್ಲ. ಎಲ್ಲೋ ಬಾಂಬ್ ಸಿಡಿದ ವರದಿ ಬಂದರೆ ಸಾಕು, ‘ಇವರ ಮೌಲ್ವಿಗಳು ಯಾಕೆ ಸುಮ್ನಿದ್ದಾರೆ?’ ಎಂದು ಕೇಳುವವರೇ ಜಾಸ್ತಿ.

ಅವರು ಸುಮ್ಮನಿಲ್ಲ. 2008ರ ಫೆಬ್ರುವರಿಯಲ್ಲಿ ದೇವಬಂದ್‌ನ ದಾರುಲ್ ಉಲೂಮ್ ಎಂಬ ಇಸ್ಲಾಮಿ ವಿದ್ಯಾಪೀಠ ದೊಡ್ಡ ಸಮ್ಮೇಳನ ನಡೆಸಿ ಭಯೋತ್ಪಾದನೆಯನ್ನು ಖಂಡಿಸಿತು. 2010ರಲ್ಲಿ ಪಾಕಿಸ್ತಾನದ ವಿದ್ವಾಂಸ ತಾಹಿರುಲ್ ಖಾದ್ರಿ ಲಂಡನ್ನಿನಲ್ಲಿ ಸುಮಾರು 600 ಪುಟಗಳ ಫತ್ವಾ (ಧರ್ಮಶಾಸ್ತ್ರದ ಅಭಿಪ್ರಾಯ) ಹೊರಡಿಸಿದರು. ಆತ್ಮಾಹುತಿ ದಾಳಿಗೆ ಯಾವ ನೆಪವೂ ನಡೆಯದು ಎಂದರು. ಇದಕ್ಕಿಂತ ಗಟ್ಟಿ ಮಾತು ನನಗೆ ಕಂಡಿದ್ದು ಮುಂಬೈನಲ್ಲಿ. 2008ರ ನವೆಂಬರ್ ದಾಳಿಯಲ್ಲಿ ಸತ್ತ 9 ಉಗ್ರರನ್ನು ಹೂಳಲು ಅಲ್ಲಿನ ಖಬರಸ್ತಾನದ ಟ್ರಸ್ಟ್ ಜಾಗವನ್ನೇ ಕೊಡಲಿಲ್ಲ.

ಈ ಖಂಡನೆಗೆ ಆಧಾರ ಹಳೆಯದೇ. ಕೊಲೆ ಮಾಡದ, ಅನಾಹುತ ಎಬ್ಬಿಸದ ಒಬ್ಬನನ್ನು ಕೊಂದರೂ ಇಡೀ ಮನುಕುಲವನ್ನು ಕೊಂದಂತೆ ಎಂದು ಕುರ್‌ಆನಿನ 5ನೇ ಅಧ್ಯಾಯದ 32ನೇ ವಚನದಲ್ಲಿದೆ. ಆತ್ಮಹತ್ಯೆಯಂತೂ ಹರಾಮ್, ಅಂದರೆ ನಿಷಿದ್ಧ. ಯುದ್ಧದಲ್ಲೂ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡಿ ಎಂದು ಮೊದಲ ಖಲೀಫ ಅಬೂಬಕರ್ ಸೈನ್ಯಕ್ಕೆ ತಾಕೀತು ಮಾಡಿದ್ದರಂತೆ. ಕೆಲವು ವಿದ್ವಾಂಸರು ಪ್ಯಾಲೆಸ್ಟೀನಿನ ವಿಷಯದಲ್ಲಿ ಆತ್ಮಾಹುತಿ ದಾಳಿಗೆ ವಿನಾಯಿತಿ ಹೇಳಿದ್ದೂ ಉಂಟು. ಅದನ್ನೂ ಮುಚ್ಚಿಡಬೇಕಿಲ್ಲ, ಅಲ್ವಾ?

ಈ ಬರಹಗಳು ಹೆಚ್ಚಾಗಿ ಉರ್ದು, ಅರಬಿ, ಇಂಗ್ಲಿಷಿನಲ್ಲೇ ಉಳಿದಿವೆ. ಅವಳಿ ನಗರದ ಮುಸ್ಲಿಂ ಸಂಸ್ಥೆಯಾದ ಅಂಜುಮನ್ ಮತ್ತು ಮಸೀದಿ ಕಮಿಟಿಗಳು ಮುಖ್ಯ ಫತ್ವಾಗಳನ್ನು ಸರಳ ಕನ್ನಡದಲ್ಲಿ ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ, ಕಾಲೇಜು ಮತ್ತು ಗ್ರಂಥಾಲಯಗಳಿಗೆ ಕೊಡಲಿ. ಶುಕ್ರವಾರದ ಮಸೀದಿ ಪ್ರವಚನವಾದ ಬಯಾನ್‌ನಲ್ಲೂ ಐದು ನಿಮಿಷ ಕನ್ನಡಕ್ಕೆ ಮೀಸಲಿಡಲಿ.

– ಓದುಗ, ಹಳೇ ಹುಬ್ಬಳ್ಳಿ