ಊಟಿಯ ಕಲ್ಲು ಬಂಗಲೆಗೂ ಗಮನ ಸಿಗಲಿ

ಮಾನ್ಯ ಸಂಪಾದಕರೇ,

ಊಟಿಗೆ ಹೋಗುವ ಸಾವಿರಾರು ಪ್ರವಾಸಿಗರಿಗೆ ಅಲ್ಲಿನ ‘ಕಲ್ಲು ಬಂಗಲೆ’ಯ ಪಾರಂಪರಿಕ ಮಹತ್ವ ತಿಳಿಯದೇ ಹೋಗುತ್ತಿರುವುದು ಬೇಸರದ ಸಂಗತಿ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1822ರಲ್ಲಿ ಕಟ್ಟಲಾರಂಭಿಸಿದ ಈ ಮನೆಯೇ ಆ ಗಿರಿಧಾಮದ ಮೊದಲ ಬಂಗಲೆ. ಬೆಟ್ಟದ ಜನ ಇಟ್ಟ ‘ಕಲ್ ಬಂಗಲ’ ಎಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಬಡಗ ಸಮುದಾಯದವರ ನುಡಿಯೂ ನಮ್ಮ ನುಡಿಗೆ ಅಷ್ಟೇ ಹತ್ತಿರ. ಈಗ ಸರ್ಕಾರಿ ಕಲಾ ಕಾಲೇಜಿನ ಬಳಕೆಯಲ್ಲಿರುವುದರಿಂದ ಕಟ್ಟಡ ಪಾಳುಬಿದ್ದಿಲ್ಲ ಎಂಬುದೇ ಸಮಾಧಾನ. ಆದರೆ ನೀಲಗಿರಿಯ ಮಂಜು, ಮಳೆಗಳಲ್ಲಿ ಸದಾ ನೆನೆಯುವ ಅಂಥ ಹಳೆಯ ಗೋಡೆಗಳ ಸಂದಿಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗಲಾರದೆ ಕಲ್ಲೇ ಉದುರತೊಡಗುತ್ತದೆ. ದುರಸ್ತಿಗೆ ಸುಣ್ಣದ ಗಾರೆಯನ್ನೇ ಬಳಸಬೇಕು. ಕೋಟಗಿರಿ ಬಳಿಯ ಕನ್ನೇರಿಮುಕ್ಕಿನಲ್ಲಿ ಸಲ್ಲಿವನ್ ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಂತೆ, ಇಲ್ಲಿಯೂ ಒಂದು ಕೋಣೆಯನ್ನಾದರೂ ನೀಲಗಿರಿಯ ಚರಿತ್ರೆಗೆ ಮೀಸಲಿಟ್ಟು ತಮಿಳುನಾಡು ಸರ್ಕಾರ ಸಾರ್ವಜನಿಕರಿಗೆ ತೆರೆಯಲಿ.

– ಓದುಗ, ಗುಂಡ್ಲುಪೇಟೆ